ಹೆಬ್ಬೆರಳಿಗೆ ಗಾಳಿಮದ್ದು

ನೋವು ತಡೆದುಕೊಳ್ಳುವುದರಲ್ಲಿ ನನ್ನಂಥ ಗಟ್ಟಿಗ ಇನ್ನೊಬ್ಬನಿಲ್ಲ ಎಂದು ಬಹಳ ದಿನ ನಂಬಿದ್ದೆ. ಸಕ್ಕರೆ ಕಾಯಿಲೆಗೆ ಪಾದದ ನರಗಳೇ ಜಡವಾಗಿದ್ದವು ಎಂಬುದು ತಿಳಿದದ್ದು ಆಮೇಲೆ. ಒಂದು ದಿನ ಬೂಟಿನೊಳಗೆ ಸೇರಿಕೊಂಡ ಹರಳುಗಲ್ಲನ್ನು ದಿನವಿಡೀ ತುಳಿಯುತ್ತಲೇ ದಾಂಡೇಲಿಯ ಮಿಲ್ಲಿನಲ್ಲಿ ಬಾಯ್ಲರ್ ಪಾಳಿ ಮುಗಿಸಿ ಮನೆಗೆ ಬಂದೆ. ನೆಲದ ಮೇಲಿನ ಕೆಂಪು ಗುರುತುಗಳ ಜಾಡು ಹಿಡಿದು ಹೆಂಡತಿ ಶಾಂತಾ ನನ್ನ ಕುರ್ಚಿಯ ತನಕ ಬಂದಳು.

"ರೀ, ಕಾಲು ಎತ್ರಿ. ಇದೇನು ರಕ್ತ?"

ಹೆಬ್ಬೆರಳ ಬುಡದ ಆ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಹುಬ್ಬಳ್ಳಿಯ ಡಾಕ್ಟರು ನೋಡಿ, "ಹಿಂಗ ಬಿಟ್ರ ಬೆರಳು ತಗೀಬೇಕಾಗ್ತೈತಿ. ಅದಕ್ಕೂ ಮೊದ್ಲ ಆಕ್ಸಿಜನ್ ಚೇಂಬರ್ ನೋಡೂಣು. ಗ್ಯಾರಂಟಿ ಮಾತ್ರ ಕೊಡಾಂಗಿಲ್ರಿ" ಎಂದರು.

ಬೆವರುತ್ತಲೇ ಜಾಣತನ ತೋರಿಸಿದೆ: "ಚಲೋ ಗಾಳಿಗಂತ ನಿಮ್ಮೂರಿನವ್ರು ನಮ್ಮ ಕಾಡಿಗೆ ಬರ್ತಾರ. ನಾ ಗಾಳಿಗಂತ ಹುಬ್ಬಳ್ಳಿಗೆ ಬರಬೇಕೇನ್ರಿ?"

"ನಿಮ್ಮ ಕಾಡಿನ ಗಾಳಿ ನಿಮ್ಮ ಬೆರಳ ತನಕ ಹೋಗವಲ್ದು. ಇಲ್ಲಿ ಒತ್ತಡ ಹಾಕಿ ಆಕ್ಸಿಜನ್ ರಕ್ತದಾಗ ಕರಗಸ್ತೇವಿ."

ಹುಬ್ಬಳ್ಳಿಯಲ್ಲೇ ಇದ್ದ ನಾದಿನಿಯ ಮನೆಯಲ್ಲಿ ಬಿಡಾರ ಹೂಡಿದೆವು. ಚೇಂಬರ್ ಎಂದರೆ ಅಡ್ಡ ಮಲಗಿಸಿದ ಗಾಜಿನ ಪೀಪಾಯಿ. ಹತ್ತಿ ಬಟ್ಟೆಯೇ ಆಗಬೇಕು. ತಲೆಗೆ ಎಣ್ಣೆಯಿಲ್ಲ, ಜೇಬಿನಲ್ಲಿ ಮೊಬೈಲಿಲ್ಲ. ಬಾಗಿಲು ಮುಚ್ಚಿ ಒತ್ತಡ ಏರುತ್ತಿದ್ದಂತೆ, ಘಟ್ಟ ಇಳಿಯುವ ಬಸ್ಸಿನಲ್ಲಿ ಆಗುವಂತೆ ಕಿವಿ ಗುಂಯ್ ಎಂದಿತು. ಬಾಯ್ಲರಿನವನಿಗೆ ಒತ್ತಡದ ಭಯ ಹೇಳಿಕೊಡಬೇಕೆ? ಎರಡೂ ಕೈಯಿಂದ ಗಾಜು ಬಡಿದೆ. ಶಾಂತಾ ಹೊರಗಿನಿಂದ ತನ್ನ ಅಂಗೈಯನ್ನು ನನ್ನ ಅಂಗೈಗೆ ಸರಿಯಾಗಿ ಒತ್ತಿ ನಿಂತಳು. ಉಸಿರು ಹದಕ್ಕೆ ಬಂತು.

ಹೀಗೆ ದಿನಾ ಗಾಜಿನೊಳಗೆ ನಾನು, ಹೊರಗೆ ಸ್ಟೂಲಿನ ಮೇಲೆ ಅವಳು. ಜೊತೆಗೆ ಇನ್ಸುಲಿನ್, ಡ್ರೆಸ್ಸಿಂಗ್, ಕಾಲೂರದಂತೆ ಕಟ್ಟಪ್ಪಣೆ. ಐದನೆಯ ವಾರ ಗಾಯದಲ್ಲಿ ಕೆಂಪು ಮಾಂಸ ಚಿಗುರಿತು. ಗುಣವಾದದ್ದು ಯಾವುದರಿಂದ ಎಂದು ಕೇಳಿದರೆ ಡಾಕ್ಟರು, "ಎಲ್ಲಾ ಕೂಡಿ ಆಗೈತ್ರಿ. ಬೆರಳು ಉಳೀತು, ಇನ್ನ ಚೇಂಬರ್ ಸಾಕು" ಎಂದರು. ನನ್ನ ಕಣ್ಣು ತುಂಬಿತು.

ಶಾಂತಾಳ ಮುಖ ಮಾತ್ರ ಬಾಡಿತು. "ಇನ್ನೊಂದು ಹತ್ತು ದಿನ ಕೂಡಿಸಾಕ ಬರೂದಿಲ್ಲೇನ್ರಿ ಡಾಕ್ಟ್ರ?"

ನನ್ನ ಮೇಲೆ ಎಷ್ಟು ಕಾಳಜಿ! ಊರಿಗೆ ಮರಳುವ ಬಸ್ಸಿನಲ್ಲಿ ಅವಳ ಕೈ ಹಿಡಿದು ಅದನ್ನೇ ಹೇಳಿದೆ.

"ಕಾಲಿಗಲ್ರಿ," ಎಂದಳು. "ಅದರಾಗ ಮಲಗಿದ್ರ ನೀವು ಎದುರು ಮಾತಾಡೂದಿಲ್ಲ. ಲಗ್ನ ಆದಾಗಿಂದ ಮನಸಿನ್ಯಾಗ ಇದ್ದದ್ದೆಲ್ಲಾ ಹೇಳಾಕತ್ತಿದ್ದೆ. ಇನ್ನೂ ಅರ್ಧಾನೂ ಮುಗಿದಿಲ್ಲ."

ಗಾಜಿನಾಚೆ ಅವಳ ತುಟಿ ಅಲುಗುವುದನ್ನು ನಾನು ದಿನವೂ ನೋಡುತ್ತಿದ್ದೆ. ನನಗಾಗಿ ಜಪ ಮಾಡುತ್ತಿದ್ದಾಳೆಂದು ಒಳಗಿನಿಂದಲೇ ಕೈಮುಗಿಯುತ್ತಿದ್ದೆ.