ಒಂದು ಇಂಜಿನ್ನಿಗೆ ಎರಡು ಘಂಟೆ

ಆಟದ ವಿಮಾನದ ಇಂಜಿನ್ ಒಮ್ಮೆ ಕಿರುಚಿತು, ಹಿಂದಕ್ಕೆ ಎಣ್ಣೆ ಉಗುಳಿತು, ಸುಮ್ಮನಾಯಿತು. ಉಗುಳಿದ್ದು ನೇರ ಚೇತನಾಳ ಕೆನೆಬಣ್ಣದ ರೇಷ್ಮೆ ಸೀರೆಯ ಮೇಲೆ. ಕೋಲಸಿರ್ಸಿಯ ಮನೆಯಂಗಳದಲ್ಲಿ, ಬೆಂಚಿನ ಮೇಲಿಟ್ಟ ವಿಮಾನದ ಬಾಲವನ್ನು ಅವಳು ಇನ್ನೂ ಹಿಡಿದೇ ಇದ್ದಳು. ಮೂತಿಯ ಹತ್ತಿರ ಗಂಡ ಸುನೀಲ ಬಗ್ಗಿದ್ದ.

ಚೇತನಾ: ಬಾಲ ಹಿಡಿ, ಎಂತದೂ ಆಗೂದಿಲ್ಲ ಅಂದ್ರಿ.

ಸುನೀಲ: ವಿಮಾನಕ್ಕೆ ಎಂತದೂ ಆಗ್ಲಿಲ್ಲ ನೋಡು.

ಚೇತನಾ: ಸೀರೆಗೆ ಆಯ್ತು. ಇದೆಂತ ವಾಸನೆ?

ಸುನೀಲ: ಹರಳೆಣ್ಣೆ. ಇದರ ಇಂಧನಕ್ಕೆ ಬೆರೆಸಿರ್ತಾರೆ, ಚಲೋ ಓಡ್ಲಿ ಅಂತ.

ಚೇತನಾ: ನನ್ನಜ್ಜಿನೂ ನಮಗೆ ಕುಡಿಸ್ತಿತ್ತು. ನಾವು ಕುಡಿದು ಓಡ್ತಿದ್ವಿ. ಇದು ಕುಡಿದು ನಿಂತದೆ.

ಬೇಲಿಯಾಚೆ ಟ್ಯಾಕ್ಸಿ ನಿಲ್ಲಿಸಿಕೊಂಡು ಕಾಯುತ್ತಿದ್ದ ದಾದಾಸಾಬರು ಸದ್ದು ಕೇಳಿ ಒಳಗೆ ಬಂದರು. ಇಂಜಿನ್ ಶುರುವಾದರೆ, ಹರಕೆ ಫಲಿಸಿದವರೆಲ್ಲ ಘಂಟೆ ಕಟ್ಟುವ ಚಂದಗುಳಿಯ ಘಂಟಿಗಣೇಶನಿಗೆ ತಾನೂ ಒಂದು ಕಟ್ಟುತ್ತೇನೆಂದು ಸುನೀಲ ಹರಕೆ ಹೊತ್ತು ವರ್ಷವಾಗುತ್ತ ಬಂದಿತ್ತು. ಇವತ್ತು ಆಗಿಯೇ ಆಗುತ್ತದೆಂಬ ಧೈರ್ಯದಲ್ಲಿ ನಿನ್ನೆಯೇ ಟ್ಯಾಕ್ಸಿಗೆ ಹೇಳಿದ್ದ. ಇವತ್ತೂ ಆಗದಿದ್ದರೆ ಇಂಜಿನ್ ಅಟ್ಟ ಹತ್ತಬೇಕೆಂಬುದು ಹೆಂಡತಿಯ ಕರಾರು. ಅಟ್ಟದಲ್ಲಿ ಅವನ ಹಾರ್ಮೋನಿಯಂ, ಜೇನುಪೆಟ್ಟಿಗೆ, ದುರ್ಬೀನು ಮೊದಲೇ ಹೋಗಿ ಜಾಗ ಹಿಡಿದಿದ್ದವು.

ದಾದಾಸಾಬ: ಶುರು ಆತಲ್ರಿ. ರೋಡಿನ ತನಕ ಕೇಳ್ತು. ನಡೀರಿ ಹೋಗೋಣ.

ಸುನೀಲ: ಅದು ಶುರುವಾಗಿದ್ದಲ್ಲ ದಾದಾಸಾಬ್ರೆ, ಬರೀ ಕಿರುಚಿದ್ದು.

ದಾದಾಸಾಬ: ನಮ್ಮ ಹಳೇ ಲಾರಿ ಅಷ್ಟು ಕಿರುಚಿದ್ರೆ ನಾವು ಲೋಡ್ ಹಾಕ್ತಿದ್ವಿ.

ಸುನೀಲ: ಗಣಪತಿಗೆ ಸುಳ್ಳು ಹೇಳ್ಲಿಕ್ಕೆ ಆಗ್ತದಾ? ಇದು ನಿಲ್ದೇ ಓಡ್ಬೇಕು. ಆಮೇಲೆ ಘಂಟೆ.

ಚೇತನಾ: ಅಷ್ಟು ಘಂಟೆ ನಡುವೆ ಕೂತವ್ನಿಗೆ ನಿಮ್ಮ ಇಂಜಿನ್ ಓಡಿದ್ದು, ನಿಂತದ್ದು ಎಲ್ಲಿ ಕೇಳ್ತದೆ?

ದಾದಾಸಾಬರು ಬೆಂಚಿನ ಕೆಳಗಿದ್ದ ಚೀಲವನ್ನಾದರೂ ಕಾರಿಗೆ ಸೇರಿಸೋಣವೆಂದು ಎತ್ತಿದರು. ಒಳಗೆ ಹಿತ್ತಾಳೆಗೆ ಹಿತ್ತಾಳೆ ತಾಗಿ ಸದ್ದಾಯಿತು.

ದಾದಾಸಾಬ: ಎರಡು ಘಂಟೆ ಅದಾವಲ್ರಿ.

ಚೇತನಾ: ಒಂದು ಅವ್ರದ್ದು. ಒಂದು ನಂದು.

ಸುನೀಲ: ನೀನೂ ಹರಕೆ ಹೊತ್ತಿದ್ಯಾ? ಎಂತಕ್ಕೆ?

ಚೇತನಾ: ಫಲಿಸೂ ಮೊದ್ಲು ಹೇಳಬಾರ್ದು.

ಸುನೀಲನ ಮನಸ್ಸು ಕರಗಿತು. ಅಟ್ಟದ ಬೆದರಿಕೆ ಹಾಕಿದವಳೇ ಒಳಗೊಳಗೆ ಇಂಜಿನ್ನಿಗಾಗಿ ದೇವರಿಗೆ ಕೈಮುಗಿದಿದ್ದಾಳೆ ಎಂದುಕೊಂಡು, ಹೊಸ ಹುರುಪಿನಲ್ಲಿ ಕಾರ್ಬುರೇಟರಿನ ಕಡೆ ತಿರುಗಿದ.

ಸುನೀಲ: ನೋಡಿ, ಈ ಸೂಜಿ ಬಿಚ್ಚಿದಷ್ಟೂ ಒಳಗೆ ಇಂಧನ ಹೋಗ್ತದೆ. ಎರಡೂವರೆ ಸುತ್ತು ಸಾಕು ಅಂತಾರೆ. ನಾನು ದಿನಾ ಸಂಜೆ ಇನ್ನೂ ಚೂರು ಚೂರು ಬಿಚ್ತಾ ಬಂದೆ. ಲೆಕ್ಕದ ಪ್ರಕಾರ ಸೂಜಿ ಇಷ್ಟೊತ್ತಿಗೆ ಕಳಚಿ ಅಂಗಳಕ್ಕೆ ಬೀಳ್ಬೇಕಿತ್ತು. ಇಂಜಿನ್ ನೋಡಿದ್ರೆ ಇಂಧನ ಸಿಗದೆ ಬಾಯಾರಿ ಸಾಯ್ತದೆ.

ಚೇತನಾ: ಯಾವ ಸೂಜಿ? ಆ ಹಿತ್ತಾಳೆ ತಿರುಪಾ?

ಸುನೀಲ: ಹೌದು.

ಚೇತನಾ: ಅದು ದಿನಾ ಸಡ್ಲ ಆಗ್ತದೆ ಮಾರಾಯ್ರೆ. ಬೆಳಿಗ್ಗೆ ಧೂಳು ಒರೆಸುವಾಗ ನಾನೇ ಬಿಗಿ ಮಾಡ್ತೆ.

ದಾದಾಸಾಬರಿಗೆ ಬಂದ ನಗು ಹೇಗೋ ಕೆಮ್ಮಾಗಿ ಹೊರಬಿತ್ತು.

ಸುನೀಲ: ದಿನಾ?

ಚೇತನಾ: ಹಬ್ಬ ಬಂದ್ರೆ ಎರಡು ಸಲ.

ಸುನೀಲ: ಅಂದ್ರೆ ನಾ ಬಿಚ್ಚೂದು, ನೀ ಬಿಗಿಯೂದು. ವರ್ಷಪೂರ್ತಿ.

ಚೇತನಾ: ಮದುವೆ ಆದಾಗಿಂದ ಅದೇ ನಡೀತಾ ಅದೆ. ಸಂಸಾರ ಓಡ್ತಿಲ್ವಾ?

ಹರಳೆಣ್ಣೆ ಇಂಜಿನ್ ಕುಡಿದಿತ್ತು. ಅದನ್ನು ಕುಡಿದವರ ಮುಖ ಸುನೀಲನಿಗೆ ಬಂತು.

ದಾದಾಸಾಬ: ಸೀರೆ ಹೆಂಗೂ ಹೋಗೇತಿ. ಇನ್ನೊಂದು ಸಲ ಬಾಲ ಹಿಡೀರಿ ಅಕ್ಕ.

ಚೇತನಾ: ಬಾಲ ನೀವು ಹಿಡೀರಿ. ಬಿಗಿ ಮಾಡ್ದವಳು ನಾನು, ನಾನೇ ಬಿಚ್ತೆ.

ಕೊಬ್ಬರಿ ಎಣ್ಣೆಯ ಬಾಟಲಿ ಮುಚ್ಚಳ ತಿರುಗಿಸಿದಷ್ಟೇ ಸಲೀಸಾಗಿ ಅವಳು ಎರಡೂವರೆ ಸುತ್ತು ಬಿಚ್ಚಿದಳು. ಸುನೀಲ ಪ್ಲಗ್ಗಿಗೆ ಬ್ಯಾಟರಿ ಸಿಕ್ಕಿಸಿ, ಕೋಲಿನಿಂದ ಪಂಖವನ್ನು ತಟ್ಟಿದ. ಕಣಜದ ಗೂಡಿಗೆ ಕಲ್ಲು ಬಿದ್ದಂತೆ ಇಂಜಿನ್ ಎದ್ದಿತು. ಬ್ಯಾಟರಿ ತೆಗೆದ, ಓಡಿತು. ವಿಮಾನದ ಮೂತಿ ಮೇಲೆತ್ತಿದ, ಆಗಲೂ ಓಡಿತು. ನೀರಿನ ತೊಟ್ಟಿಯ ಹತ್ತಿರ ಮಲಗಿದ್ದ ಬೆಕ್ಕು ಹೆದರಿ ಕೊಟ್ಟಿಗೆ ದಾಟಿ ಹೋಯಿತು. ಇನ್ನು ಮುಂದಿನ ಮಾತೆಲ್ಲ ಕಿವಿಯ ಹತ್ತಿರ ಬಾಯಿ ತಂದು ಆಡಿದ್ದು.

ಸುನೀಲ: ಇಬ್ಬರ ಹರಕೆಯೂ ಫಲಿಸ್ತು. ಎರಡೂ ಘಂಟೆ ಕಟ್ಟುವ.

ಚೇತನಾ: ನಂದು ಇನ್ನೂ ಫಲಿಸ್ಲಿಲ್ಲ.

ಸುನೀಲ: ಮತ್ತೆ ನೀ ಬೇಡ್ಕೊಂಡಿದ್ದು ಎಂತ?

ಚೇತನಾ: ಇದರ ಗಲಾಟೆ ಒಮ್ಮೆ ನಿಲ್ಲಲಿ ಅಂತ.

ಬಾಲ ಹಿಡಿದಿದ್ದ ದಾದಾಸಾಬರ ಬಿಳಿ ಅಂಗಿಯ ಮೇಲೆ ಎಣ್ಣೆ ಹೂವಿನಂತೆ ಅರಳತೊಡಗಿತ್ತು.

ದಾದಾಸಾಬ: ಹೊತ್ತಾತು ಸುನೀಲಣ್ಣ. ಅಕ್ಕನ ಹರಕೆನೂ ಈಗ್ಲೇ ಮುಗಿಸಿಬಿಡ್ರಿ. ಇದನ್ನ ನಿಲ್ಸೋದು ಹೆಂಗ?

ಸುನೀಲ ಇಂಜಿನ್ ನೋಡಿದ, ತುಂಬಿದ್ದ ಟ್ಯಾಂಕು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ.

ಸುನೀಲ: ನಿಲ್ಸೂದಾ? ಅದೊಂದು ನಾ ಕಲೀಲೇ ಇಲ್ಲ. ಇಷ್ಟು ದಿನ ಅದೇ ನಿಲ್ತಿತ್ತು.