ಎಲ್ಲರಿಗೂ ಒಂದೇ ಉತ್ತರ

ಅಂಗಡಿ ಇಟ್ಟವನಿಗೆ ಗಿರಾಕಿ ಬಂದರೆ ಸಂತೋಷವಾಗಬೇಕು. ನನಗೆ ಎದೆ ಡವಡವ ಎನ್ನುತ್ತದೆ. ಮೊದಲೆಲ್ಲ ಗಿರಾಕಿ ಬಾಗಿಲಿನಿಂದ ಬರುತ್ತಿದ್ದ, ಬೆಂಚಿನ ಮೇಲೆ ಕೂರುತ್ತಿದ್ದ, ಒಂದು ಕಾಫಿ ಕುಡಿಸಿದರೆ ಮೆತ್ತಗಾಗುತ್ತಿದ್ದ. ಈಗ ಫೋನಿನೊಳಗಿಂದ ಟಿಂಗ್ ಎಂದು ಬರುತ್ತಾನೆ. ಅನ್ನ ಕಲೆಸುವಾಗ ಬರುತ್ತಾನೆ, ಸ್ನಾನಕ್ಕೆ ಕೂತಾಗಲೂ ಬರುತ್ತಾನೆ. ತುಮಕೂರಿನಲ್ಲಿ ಇಪ್ಪತ್ತು ವರ್ಷದಿಂದ ಮದುವೆ ಕಾರ್ಡು ಅಚ್ಚು ಹಾಕಿಕೊಡುತ್ತಿದ್ದೇನೆ. ಎಂತೆಂಥ ಬೀಗರನ್ನು ಸಂಭಾಳಿಸಿದ್ದೇನೆ. ಆದರೆ ಈ ಟಿಂಗ್ ಮಾತ್ರ ನನ್ನನ್ನು ಹಣ್ಣು ಮಾಡಿಬಿಟ್ಟಿತು.

ಎದುರಿನ ಅಂಗಡಿಯವನು ದಿನಕ್ಕೊಂದು ಫೋಟೋ ಹಾಕುತ್ತಾನೆ, ನೀವು ಮಾತ್ರ ಹೀಗೇ ಕೂತಿರಿ ಎಂದು ನನ್ನ ಹೆಂಡತಿ ಶಾರದೆ ಮೂದಲಿಸಿದ ಮೇಲೆ ನಾನೂ ಫೇಸ್‌ಬುಕ್ಕಿನಲ್ಲಿ ಅಂಗಡಿಯ ಹೆಸರಲ್ಲಿ ಪೇಜು ತೆರೆದೆ. ದಿನಾ ಹಾಕುವುದಾದರೂ ಏನನ್ನು? ಮೊದಲ ದಿನ ಗಣಪತಿ. ಎರಡನೆಯ ದಿನ ಅಂಗಡಿಯ ಬೋರ್ಡು. ಮೂರನೆಯ ದಿನ ಕಾರ್ಡು ಹಿಡಿದು ನಿಂತ ನನ್ನದೇ ಫೋಟೋ. ಕೋರ್ಟಿನ ನೋಟೀಸು ಹಿಡಿದವರ ಹಾಗಿದ್ದೀರಿ ಎಂದಳು ಶಾರದೆ. ನಾಲ್ಕನೆಯ ದಿನಕ್ಕೆ ಸರಕು ಮುಗಿಯಿತು. ಅಂದೇ ಅಚ್ಚಾಗಿ ಬಂದಿದ್ದ, ಗುಬ್ಬಿಯ ಶಿವಣ್ಣನವರ ಮಗಳ ಮದುವೆ ಕಾರ್ಡು ಮೇಜಿನ ಮೇಲಿತ್ತು. ಅದನ್ನೇ ಹಾಕಿದೆ. ಅದಕ್ಕೆ ಬಂತು ನೋಡಿ ಪ್ರಶ್ನೆಗಳ ಸುರಿಮಳೆ. ರೇಟೆಷ್ಟು, ಕಮ್ಮಿ ಆಗಲ್ವಾ, ಹಸಿರು ಬಣ್ಣದಲ್ಲಿ ಸಿಗುತ್ತಾ. ಒಬ್ಬನಂತೂ ಹೆಣ್ಣನ್ನೂ ನೀವೇ ಹುಡುಕಿಕೊಡುತ್ತೀರಾ ಎಂದು ಕೇಳಿದ್ದ. ಹೆದರಿ ಓದುವುದನ್ನೇ ನಿಲ್ಲಿಸಿದೆ. ಒಂದು ಉತ್ತರ ತಯಾರು ಮಾಡಿ, ಕಣ್ಣು ಮುಚ್ಚಿಕೊಂಡು ಎಲ್ಲರ ಕೆಳಗೂ ಅದನ್ನೇ ಅಂಟಿಸಿದೆ. ಮೂರು ದಿನ ನೆಮ್ಮದಿಯಾಗಿ ಉಂಡೆ.

ಆಮೇಲೆ ಶಿವಣ್ಣನವರು ಬಂದರು. ಬೆಂಚಿನ ಮೇಲೆ ಕೂರಲಿಲ್ಲ. ಹುಡುಗಿಯ ಸೋದರಮಾವ, ಕುಣಿಗಲ್ ಹತ್ತಿರದ ಕೊತ್ತಗೆರೆಯ ನಂಜುಂಡಪ್ಪನವರು, ಕಾರ್ಡನ್ನು ನನ್ನ ಪೇಜಿನಲ್ಲಿ ನೋಡಿ ಮದುವೆಗೇ ಬರುವುದಿಲ್ಲ ಎಂದಿದ್ದರಂತೆ. ನಮ್ಮ ಕಡೆ ಮೊದಲ ಕಾರ್ಡು ಮನೆದೇವರಿಗೆ, ಆಮೇಲಿನದು ಎಲೆ ಅಡಿಕೆಯೊಂದಿಗೆ ಸೋದರಮಾವನ ಕೈಗೆ. ಮಿಕ್ಕವರೆಲ್ಲ ಆಮೇಲೆ. ಇಲ್ಲಿ ನೋಡಿದರೆ ಕಾರ್ಡಿನ ಕಟ್ಟುಗಳು ಇನ್ನೂ ನನ್ನ ಅಂಗಡಿಯಲ್ಲೇ ಇದ್ದವು, ಊರವರೆಲ್ಲ ಓದಿ ಮುಗಿಸಿದ್ದರು.

"ಅವ್ರೇ ಬರ್ದೇ ಹೋದ್ರೆ ಮಗೂನ ಕೈ ಹಿಡ್ದು ಹಸೆಗೆ ಕರ್ಕೊಂಡ್ ಬರೋರ್ ಯಾರು ಹೇಳಿ" ಎಂದರು ಶಿವಣ್ಣನವರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇಪ್ಪತ್ತು ವರ್ಷ ಇದೇ ಕಸುಬು ಮಾಡಿ ಇಷ್ಟು ಗೊತ್ತಾಗಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು, ಒಂದು ಮದುವೆ ನನ್ನಿಂದ ಕೆಡುತ್ತದಲ್ಲ ಎಂದು ಹೆದರಿಕೆಯೂ ಆಯಿತು. ಕಾರ್ಡಿನ ಒಂದು ಕಟ್ಟು ಹಿಡಿದು, ಅಂಗಡಿಗೆ ಬಾಗಿಲು ಹಾಕಿ ಅವರ ಜೊತೆಯೇ ಹೊರಟೆ.

ಕೊತ್ತಗೆರೆಗೆ ಆಗಲೇ ಬಂದಿದ್ದ ಶಿವಣ್ಣನವರ ಹೆಂಡತಿ ಗಿರಿಜಮ್ಮ ತಟ್ಟೆಯಲ್ಲಿ ಎಲೆ ಅಡಿಕೆ, ಕಾರ್ಡು ಇಟ್ಟು ಅಣ್ಣನ ಮುಂದೆ ಹಿಡಿದು ಅತ್ತರು. ನಂಜುಂಡಪ್ಪನವರು ತಟ್ಟೆಯತ್ತ ನೋಡಲಿಲ್ಲ. ತಪ್ಪು ನನ್ನದು ಎಂದು ನಾನು ಶುರು ಮಾಡುವಷ್ಟರಲ್ಲಿ ಅವರ ಫೋನು ನನ್ನ ಮೂಗಿನ ಮುಂದಿತ್ತು. ಕಾರ್ಡಿನ ಕೆಳಗೆ ಅವರು ಬರೆದಿದ್ದರು: "ಇದು ನಮ್ಮ ಗಿರಿಜಾ ಮಗಳ ಕಾರ್ಡಲ್ವಾ? ನಮಗೆ ಇನ್ನೂ ಬಂದೇ ಇಲ್ವಲ್ಲ?" ಅದರ ಕೆಳಗೆ ನಾನು: "ವಿಚಾರಿಸಿದ್ದಕ್ಕೆ ಧನ್ಯವಾದಗಳು. ನೂರು ಕಾರ್ಡು ಕೊಂಡರೆ ಕವರು ಉಚಿತ."

"ಕಾರ್ಡ್ ತಡ ಆಯ್ತು ಅಂತ ಅಲ್ಲ ಕಣಪ್ಪ. ಕೇಳ್ತಿರೋರು ಯಾರು ಅಂತಾನಾದ್ರೂ ನೋಡ್ಬೇಕಿತ್ತು."

ಅಳುತ್ತಿದ್ದ ಗಿರಿಜಮ್ಮ ಬಗ್ಗಿ ಅದನ್ನು ಓದಿದರು. ಮೊದಲು ಸೆರಗು ಬಾಯಿಗಿಟ್ಟುಕೊಂಡರು, ತಡೆಯಲಾಗದೆ ಗಟ್ಟಿಯಾಗಿ ನಕ್ಕೇಬಿಟ್ಟರು. ತಂಗಿ ನಗುವುದನ್ನು ನೋಡಿ ಅಣ್ಣನೂ ನಕ್ಕು ತಟ್ಟೆ ತೆಗೆದುಕೊಂಡರು. ನಾನೊಬ್ಬನೇ ನಗಲಿಲ್ಲ.

ಇನ್ನು ಯಾರ್ಯಾರಿಗೆ ಏನೇನು ಹೇಳಿದ್ದೇನೋ ಎಂಬ ದಿಗಿಲಿನಲ್ಲಿ, ತುಮಕೂರಿಗೆ ಹಿಂದಿರುಗುವ ಬಸ್ಸಿನಲ್ಲಿ ಒಂದೊಂದೇ ಪ್ರಶ್ನೆ ಓದುತ್ತ ಕೂತೆ. ರೇಟು, ರೇಟು, ಬಣ್ಣ, ಮತ್ತೆ ರೇಟು. ಅವುಗಳ ನಡುವೆ ನನ್ನ ದೊಡ್ಡಕ್ಕ. ಚಿಕ್ಕವನಿದ್ದಾಗ ನನ್ನನ್ನು ಸೊಂಟದಿಂದ ಕೆಳಗಿಳಿಸದೆ ಸಾಕಿದವಳು. ಇರುವುದು ತುಮಕೂರಿನ ಪಕ್ಕದ ಊರ್ಡಿಗೆರೆಯಲ್ಲೇ, ನಾನು ಹೋಗಿ ಎಷ್ಟು ತಿಂಗಳಾಯಿತೋ. "ಫೋನೇ ಮಾಡಲ್ವಲ್ಲೋ, ಹುಷಾರಾಗಿದೀಯಾ?" ಎಂದು ಕೇಳಿದ್ದಳು. ವಿಚಾರಿಸಿದ್ದಕ್ಕೆ ಧನ್ಯವಾದ ಹೇಳಿ, ನೂರು ಕಾರ್ಡು ಕೊಂಡರೆ ಕವರು ಉಚಿತ ಎಂದು ಅವಳಿಗೂ ತಿಳಿಸಿದ್ದೆ. ಉತ್ತರ ಬಂತಲ್ಲ ಎಂಬ ಖುಷಿಗೋ ಏನೋ, ಅಕ್ಕ ಅದಕ್ಕೂ ಒಂದು ಲೈಕು ಒತ್ತಿದ್ದಳು.