ಮುಕ್ಕಾಲಪ್ಪನ ಪ್ರಸ್ತಾವನೆ

ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಒಂದು ಪ್ರಸ್ತಾವನೆ ಬರೆದುಕೊಂಡು ಬನ್ನಿ ಎಂದು ಗ್ರಂಥಾಲಯದ ಮೇಡಂ ಹೇಳಿದ್ದೇ ಎಲ್ಲಕ್ಕೂ ಮೂಲವಾಯಿತು. ಬಡಗಿ ಮುಕ್ಕಾಲಪ್ಪ ಅಲ್ಲಿಯವರೆಗೆ ಮರದ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದನೇ ಹೊರತು ಕಾಗದದ ಮೇಲೆ ಬರೆದು ಏನನ್ನೂ ಮಾರಿದವನಲ್ಲ.

ಮುಕ್ಕಾಲಪ್ಪ ಎಂಬುದು ಓಣಿಯವರು ಇಟ್ಟ ಹೆಸರು. ಮೂರು ಕಾಲಿನ ಮುಕ್ಕಾಲಿ ಮಾಡುತ್ತಾನೆಂದು ಒಂದು ಅರ್ಥ. ಯಾವ ಕೆಲಸವನ್ನಾದರೂ ಮುಕ್ಕಾಲು ಪಾಲು ಸರಿಯಾಗಿ ಮಾಡಿ, ಉಳಿದ ಕಾಲು ಪಾಲಿನಲ್ಲಿ ಎಡವಟ್ಟು ಮಾಡಿಕೊಳ್ಳುತ್ತಾನೆಂದು ಇನ್ನೊಂದು ಅರ್ಥ. ಮುಕ್ಕಾಲಿಯ ವಿಷಯದಲ್ಲಿ ಮಾತ್ರ ಅವನ ಕೈಗೆ ಹೆಸರಿಡುವಂತಿರಲಿಲ್ಲ. ನೆಲ ಎಷ್ಟೇ ಏರುತಗ್ಗಾಗಿರಲಿ, ಅದು ಅಲುಗಾಡುತ್ತಿರಲಿಲ್ಲ. ಕೊಳ್ಳುವವರು ಇರಲಿಲ್ಲ, ಅಷ್ಟೆ. ಒಂದರೊಳಗೊಂದು ಪೇರಿಸಿದ ಮುಕ್ಕಾಲಿಗಳು ಮನೆಯ ಮುಂದಿನ ಕೋಣೆಯಲ್ಲಿ ಸೂರು ಮುಟ್ಟಿದ್ದವು. ಹೆಂಡತಿಯ ಹೊಲಿಗೆ ಯಂತ್ರ ಜಾಗವಿಲ್ಲದೆ ತವರಿನಲ್ಲೇ ಉಳಿದಿತ್ತು. ಮುಕ್ಕಾಲಿ ಹೋದ ದಿನವೇ ಯಂತ್ರ ತರಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಅವಳು ಜಗಳಕ್ಕೆ ಬರುತ್ತಿರಲಿಲ್ಲ. ಊಟಕ್ಕೆ ಬಡಿಸುವಾಗ, ತವರಿನಲ್ಲಿರುವ ಮಗುವನ್ನು ವಿಚಾರಿಸುವಂತೆ, ಯಂತ್ರದ ಯೋಗಕ್ಷೇಮ ವಿಚಾರಿಸುತ್ತಿದ್ದಳು.

ಬೆಳಿಗ್ಗೆ ಅವನು ತಿಣುಕಿ ಬರೆದದ್ದು ಇಷ್ಟು: "ನಿಮ್ಮ ನೆಲ ಏರುತಗ್ಗಾಗಿದೆ. ಕುರ್ಚಿಗಳು ಅಲುಗಾಡುತ್ತವೆ. ನನ್ನ ಮುಕ್ಕಾಲಿ ಅಲುಗಾಡುವುದಿಲ್ಲ. ಬೆಲೆ ಕೆಳಗಿದೆ. ಬೇಕಾದರೆ ಹೇಳಿ ಕಳಿಸಿ."

ಹೆಂಡತಿ ಓದಿದಳು. "ಚೆನ್ನಾಗಿದೆ ಕಣ್ರೀ. ಇನ್ನು ಯಾರಿಗೂ ತೋರಿಸ್ಬೇಡಿ."

ಅವನು ತೋರಿಸಿದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿ, ಇದು ಪ್ರಸ್ತಾವನೆಯಲ್ಲ, ಹಾಲಿನವನಿಗೆ ಬರೆದಿಟ್ಟ ಚೀಟಿ ಎಂದರು. ಅವರೇ ಲೇಖನಿ ಹಿಡಿದರು. "ಅನಾದಿ ಕಾಲದಿಂದಲೂ ಮನುಷ್ಯನು ಕುಳಿತುಕೊಳ್ಳುತ್ತಲೇ ಬಂದಿದ್ದಾನೆ" ಎಂದು ಆರಂಭವಾದ ಬರಹ ಹಾಳೆಯ ಮೇಲೆ ಹಾಳೆ ತುಂಬಿ, "ಕೊಟ್ಟ ಮಾತಿಗೆ ಎಂದಿಗೂ ತಪ್ಪುವವರಲ್ಲ" ಎಂದು ಮುಗಿಯಿತು. ಮುಕ್ಕಾಲಿ ಎಂಬ ಪದ ನಡುವೆ ಎಲ್ಲೋ ಒಮ್ಮೆ ಬಂದಿತ್ತು.

ಮೇಡಂ ಮುಂದೆ ಗಡ್ಡ ಬಿಟ್ಟುಕೊಂಡು ನಿಲ್ಲುವುದು ಬೇಡವೆಂದು ಅವನು ಕ್ಷೌರದ ಅಂಗಡಿಗೆ ಹೋದ. ಕ್ಷೌರದವನು ಅವನ ಮುಖಕ್ಕೆ ನೊರೆ ಬಳಿದು, ಹಾಳೆಗಳನ್ನು ಎತ್ತಿಕೊಂಡು ಓದಿದ.

"ಇಷ್ಟುದ್ದ ಯಾರು ಓದ್ತಾರಣ್ಣ? ಕತ್ತರಿಸ್ಬೇಕು."

ಕತ್ತರಿಸುವುದು ಅವನ ಕಸುಬು. ಬಾಯಿ ಬಿಟ್ಟರೆ ಸೋಪು ಒಳಗೆ ಹೋಗುವ ಸ್ಥಿತಿಯಲ್ಲಿದ್ದ ಮುಕ್ಕಾಲಪ್ಪ ಕಣ್ಣರಳಿಸಿ ನೋಡುತ್ತಿದ್ದಂತೆ ಅನಾದಿ ಕಾಲ ಹೋಯಿತು, ಮನುಷ್ಯ ಹೋದ, ಬೆಲೆಯೂ ಹೋಯಿತು. ಬೆಲೆ ಕಂಡರೆ ಗಿರಾಕಿ ಓಡಿಹೋಗುತ್ತಾರೆ, ಅದನ್ನು ಆಮೇಲೆ ಬಾಯಲ್ಲಿ ಹೇಳಿದರಾಯಿತು ಎಂದು ಕ್ಷೌರದವನು ತಿಳಿಹೇಳಿದ. ಕೊನೆಗೆ ಎರಡೇ ಸಾಲು ಉಳಿದವು: "ಹಳೆಯ ಕುರ್ಚಿಗಳ ಬದಲಿಗೆ ಹೊಸ ಮುಕ್ಕಾಲಿ. ಕೊಟ್ಟ ಮಾತಿಗೆ ಎಂದಿಗೂ ತಪ್ಪುವವರಲ್ಲ."

ಮುಕ್ಕಾಲಪ್ಪನಿಗೆ ಸಿನಿಮಾ ಪೋಸ್ಟರ್ ನೋಡಿದಷ್ಟು ಖುಷಿಯಾಯಿತು. ಅಲ್ಲೇ ಶುದ್ಧಪ್ರತಿ ಬರೆದು, ಸಹಿ ಹಾಕಿದ.

ಮೇಡಂ ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಇಂಥ ಪ್ರಸ್ತಾವನೆ ತಮ್ಮ ಸರ್ವೀಸಿನಲ್ಲೇ ಕಂಡಿಲ್ಲವೆಂದು ಹೇಳಿ, ಮೊಹರು ಒತ್ತಿ ಅವನ ಕೈಗೇ ಕೊಟ್ಟು, ಇವತ್ತೇ ತಂದುಬಿಡಿ ಎಂದರು. ಅವನು ಬೆಲೆಯ ಮಾತೆತ್ತುವಷ್ಟರಲ್ಲಿ, ಎಲ್ಲ ಬರವಣಿಗೆಯಲ್ಲೇ ಇದೆಯಲ್ಲ ಎಂದು ಎದ್ದುಹೋದರು.

ಮಧ್ಯಾಹ್ನವಿಡೀ ಕೈಗಾಡಿ ಓಡಾಡಿತು. ಬರಿದಾದ ಕೋಣೆಯನ್ನು ಹೆಂಡತಿ ಗುಡಿಸಿ ಸಾರಿಸಿ, ಯಂತ್ರ ತರುವಂತೆ ತಮ್ಮನಿಗೆ ಹೇಳಿ ಕಳಿಸಿದಳು. ಗ್ರಂಥಾಲಯದಲ್ಲಿ ಓದುಗರು ಮುಕ್ಕಾಲಿಗಳ ಮೇಲೆ ಕೂತರು. ಒಂದೂ ಅಲುಗಾಡಲಿಲ್ಲ. ತಾನು ಮಾಡಿದ್ದರ ಮೇಲೆ ಅಷ್ಟು ಜನ ನೆಮ್ಮದಿಯಾಗಿ ಕೂತದ್ದನ್ನು ಕಂಡು ಮುಕ್ಕಾಲಪ್ಪನ ಕಣ್ಣು ತುಂಬಿ ಬಂತು. ಆಮೇಲೆ ಗಂಟಲು ಸರಿಮಾಡಿಕೊಂಡ.

"ಮೇಡಂ, ಇದರ ಬದಲಿಗೆ ನಂಗೆ ಬರಬೇಕಾದ್ದು..."

"ಮರ್ತಿಲ್ಲಪ್ಪ. ಎಲ್ಲಾ ಹಿಂದೆ ಜೋಡಿಸಿ ಇಟ್ಟಿದೀವಿ, ಬನ್ನಿ."

ಅವರು ಹಿಂಬಾಗಿಲು ತೆಗೆದರು. ಅಂಗಳದ ತುಂಬ ಗ್ರಂಥಾಲಯದ ಹಳೆಯ ಕುರ್ಚಿಗಳು ನಿಂತಿದ್ದವು.

"ಹಳೆಯ ಕುರ್ಚಿಗಳ ಬದಲಿಗೆ ಹೊಸ ಮುಕ್ಕಾಲಿ ಅಂತ ಬರೆದಿದೀರಲ್ಲ. ಒಂದಕ್ಕೊಂದು ಸರಿಯಾಗಿದೆ, ತಗೊಂಡ್ಹೋಗಿ. ಕೊಟ್ಟ ಮಾತಿಗೆ ತಪ್ಪುವವರಲ್ಲ ಅನ್ನೋದು ನಂಗೆ ತುಂಬಾ ಹಿಡಿಸ್ತು."

ಓದುಗರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ನಡುವೆ ತಕರಾರು ತೆಗೆಯುವ ಎದೆಗಾರಿಕೆ ಅವನಿಗಿರಲಿಲ್ಲ.

ಮುಕ್ಕಾಲಿಯಾದರೆ ಒಂದರೊಳಗೊಂದು ಕೂರುತ್ತದೆ, ಕೈಯಿರುವ ಕುರ್ಚಿ ಕೂರುವುದಿಲ್ಲ. ಮನೆಯ ಮುಂದಿನ ಕೋಣೆ ತುಂಬಿತು, ಜಗುಲಿಯೂ ತುಂಬಿತು. ಅಷ್ಟರಲ್ಲಿ ಹೆಂಡತಿಯ ತಮ್ಮ ಯಂತ್ರ ಹೇರಿಕೊಂಡು ಬಾಗಿಲಿಗೆ ಬಂದ. ಒಳಗೆ ಕಾಲಿಡಲು ಜಾಗವಿರಲಿಲ್ಲ.

ಹೆಂಡತಿ ಮೊಹರು ಬಿದ್ದ ಕಾಗದ ಓದಿದಳು. ನಕ್ಕಳೋ ಅತ್ತಳೋ ಮುಕ್ಕಾಲಪ್ಪನಿಗೆ ತಿಳಿಯಲಿಲ್ಲ. ಯಂತ್ರವನ್ನು ಒಮ್ಮೆ ಸೆರಗಿನಿಂದ ಒರೆಸಿ, "ವಾಪಸ್ ಕರ್ಕೊಂಡ್ಹೋಗು ಕಣೋ. ಚೆನ್ನಾಗಿ ನೋಡ್ಕೊಳ್ಳೋಕೆ ಅಮ್ಮನಿಗೆ ಹೇಳು" ಎಂದಳು.

ಆಮೇಲೆ ದಣಿದು ನಿಂತಿದ್ದ ಗಂಡನನ್ನು ಹತ್ತಿರದ ಕುರ್ಚಿಯಲ್ಲಿ ಕೂರಿಸಿದಳು. ಅದು ಗಡಗಡ ಅಲುಗಾಡಿತು. ಅವಳು ಪ್ರಸ್ತಾವನೆಯನ್ನು ಮಡಿಸಿ ಮಡಿಸಿ ಕುರ್ಚಿಯ ಗಿಡ್ಡ ಕಾಲಿನ ಕೆಳಗೆ ತುರುಕಿದಳು.

"ಈಗ ಒರಗಿಕೊಳ್ಳಿ. ನಿಂತಿದೆ."